ಹೊರಸುತ್ತಿನ ನಟ್ಟುಗಳು

ವೆಂಕಟರಮಣಪ್ಪನವರಿಗೆ ಕೆಂಪು ಬಣ್ಣ ಕಂಡರೆ ಆಗುತ್ತಿರಲಿಲ್ಲ. ಬಸವೇಶ್ವರನಗರದಲ್ಲಿ ಛತ್ರ ನಡೆಸುವ ಮನುಷ್ಯ, ದಿನವೂ ಕುಂಕುಮ ನೋಡಿ ಸಾಕಾಗಿತ್ತೋ ಏನೋ. ಎರಡನೇ ಮಹಾಯುದ್ಧದ ಕಾಲದ ಮಿಲಿಟರಿ ಲಾರಿಯೊಂದನ್ನು ಹರಾಜಿನಲ್ಲಿ ಹಿಡಿದು, ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿಗೆ ತಂದು ಬಿಟ್ಟಿದ್ದರು. ಏಳು ತಿಂಗಳು ಅದರ ತುಕ್ಕು ಕೆರೆದಿದ್ದೇವೆ. ಇಂಜಿನ್ನು, ಬ್ರೇಕು ಬೈರಯ್ಯನವರ ಪಾಲು. ಅವರು ಮಿಲಿಟರಿ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಓಡಿಸುವುದು ನನ್ನ ಗಂಡ ಸೇತುರಾಮ. ಬಣ್ಣ ನನ್ನದು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಮುಖಕ್ಕೆ ಬಟ್ಟೆ ಬಿಸಾಕಿ ಬಂದ ಮೇಲೆ ನಾನು ಕಲಿತ ಕೆಲಸ ಅದು.

ಆ ಲಾರಿಯ ಚಕ್ರಗಳಲ್ಲಿ ನಟ್ಟುಗಳು ಎರಡು ಸುತ್ತು. ಒಳಸುತ್ತಿನವು ಚಕ್ರವನ್ನು ಲಾರಿಗೆ ಹಿಡಿದಿರುತ್ತವೆ. ಹೊರಸುತ್ತಿನವಕ್ಕೆ ಕೆಂಪು ಬಣ್ಣ ಇತ್ತು. ತುಕ್ಕು ಕೆರೆಯುವಾಗ ಬೈರಯ್ಯ ಹೇಳಿದ್ದರು, ಹಸಿರು ಹೊಡೆದಾದ ಮೇಲೆ ಅವಕ್ಕೆ ಮತ್ತೆ ಕೆಂಪು ಹಚ್ಚಬೇಕು ಎಂದು. ಯಾಕೆ ಎಂದು ನಾನು ಕೇಳಲಿಲ್ಲ. ಮಿಲಿಟರಿಯವರ ಶೋಕಿ ಅಂದುಕೊಂಡೆ.

ಅದು ಎರಡು ಸಾವಿರದ ಆರು, ಚಿಕೂನ್‌ಗುನ್ಯಾ ಮನೆಮನೆಯಲ್ಲೂ ಜನರನ್ನು ಮಲಗಿಸಿದ ವರ್ಷ. ಬೈರಯ್ಯ ಎರಡು ವಾರ ಏಳಲಿಲ್ಲ. ಆ ಹೊತ್ತಿನಲ್ಲೇ ಸಾಹುಕಾರ ವೆಂಕಟರಮಣಪ್ಪನವರು ಬಂದು, ಚಕ್ರಕ್ಕೆಲ್ಲ ಬೊಟ್ಟು ಇಟ್ಟ ಹಾಗೆ ಕಾಣುತ್ತೆ, ಪೂರ್ತಿ ಹಸಿರೇ ಇರಲಿ ಎಂದರು. ನನಗೂ ಸರಿ ಅನ್ನಿಸಿತು. ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ. ಬೈರಯ್ಯನವರಿಗೆ ಹೇಳಬೇಕು ಅಂದುಕೊಂಡವಳು ಮರೆತೇಬಿಟ್ಟೆ.

ಮುಂದಿನ ಭಾನುವಾರ ಬಿಡದಿಯ ಹತ್ತಿರ ಹಳೇ ಗಾಡಿಗಳ ಪ್ರದರ್ಶನ. ಸೇತುರಾಮ ಬೆಳಿಗ್ಗೆ ಎಂಟೂವರೆಗೆ ಲಾರಿ ತೆಗೆದುಕೊಂಡು ಹೊರಟರು. ಒಂಬತ್ತೂವರೆಗೆ ಶೆಡ್ಡಿನ ಫೋನು ಹೊಡೆದುಕೊಂಡಿತು. ಕೆಂಗೇರಿ ಬಸ್ ಸ್ಟ್ಯಾಂಡ್ ದಾಟಿ, ಟೀ ಅಂಗಡಿಯ ಕಾಯಿನ್ ಬಾಕ್ಸಿನಿಂದ ಮಾತಾಡುತ್ತಿದ್ದಾರೆ. ಹಿಂದಿನ ಎಡ ಚಕ್ರದ ಬ್ರೇಕು ಹಿಡಿದುಕೊಂಡು ಹೊಗೆ ಬರುತ್ತಿದೆಯಂತೆ. ಬ್ರೇಕ್ ಡ್ರಮ್ಮು ತಣ್ಣಗಾದ ಮೇಲೆ ಚಕ್ರ ಬಿಚ್ಚಿ ನೋಡುತ್ತೇನೆ, ಬೈರಯ್ಯನವರಿಗೆ ಹೇಳು ಎಂದರು. ಅಷ್ಟರಲ್ಲಿ ಒಂದು ರೂಪಾಯಿ ಮುಗಿದು ಲೈನು ಕಟ್ಟಾಯಿತು.

ಬೈರಯ್ಯ ಆವತ್ತೇ ಮೊದಲ ಸಲ ಶೆಡ್ಡಿಗೆ ಬಂದಿದ್ದರು. ಬೆರಳುಗಳು ಊದಿ, ಟೀ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕುಳಿತಿದ್ದರು. ವಿಷಯ ಹೇಳಿದೆ.

"ಬಿಚ್ಚಲಿ ಬಿಡಮ್ಮ ಜಗದಾಂಬಾ," ಎಂದರು. "ಕೆಂಪಿಗೆ ಕೈ ಹಾಕಬೇಡ ಅಂತ ಅವ್ನಿಗೆ ಹಿಂದೆ ಮಿಲಿಟರಿ ಜೀಪು ರಿಪೇರಿ ಮಾಡ್ದಾಗ್ಲಿಂದ್ಲೂ ಹೇಳಿದೀನಿ."

ಕೆಂಪಿಗೆ ಕೈ ಹಾಕಿದರೆ ಏನಾಗುತ್ತೆ ಎಂದು ಕೇಳಿದೆ. ಅವರು ನಿಧಾನವಾಗಿ ವಿವರಿಸಿದರು. ಆ ಚಕ್ರ ಒಂದೇ ತುಂಡಲ್ಲ. ಎರಡು ತಟ್ಟೆಗಳನ್ನು ಬಾಯಿಗೆ ಬಾಯಿ ಇಟ್ಟು ಬಿಗಿದ ಹಾಗೆ, ಎರಡು ಹೋಳು. ಹೊರಸುತ್ತಿನ ನಟ್ಟುಗಳು ಆ ಹೋಳುಗಳನ್ನು ಹಿಡಿದಿರುತ್ತವೆ. ಒಳಗೆ ಟೈರಿನ ಗಾಳಿ ಅವನ್ನು ದಬ್ಬುತ್ತಲೇ ಇರುತ್ತದೆ. ಗಾಳಿ ಇರುವಾಗ ಆ ನಟ್ಟು ಬಿಚ್ಚಿದರೆ ಹೊರಗಿನ ಹೋಳು ಹಾರುತ್ತದೆ. ಎದುರಿಗೆ ಕುಳಿತವನು ಉಳಿಯುವುದಿಲ್ಲ.

"ಕೆಂಪು ಇಲ್ಲ," ಎಂದೆ. "ನಾನು ಹಸಿರು ಹೊಡ್ದುಬಿಟ್ಟೆ."

ಬೈರಯ್ಯ ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಲೋಟ ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಆಟೋ ಕರಿ ಎಂದರು. ವಾಪಸ್ ಫೋನ್ ಮಾಡೋಣವೆಂದರೆ ಕಾಯಿನ್ ಬಾಕ್ಸಿನ ನಂಬರು ಯಾರಿಗೆ ಗೊತ್ತು? ಸೇತುರಾಮನಿಗೆ ಮೊಬೈಲು ಕೊಡಿಸೋಣ ಎಂದಾಗೆಲ್ಲ ಬೇಡ ಅಂದವಳು ನಾನೇ.

ಮಾಗಡಿ ರಸ್ತೆಯಿಂದ ನಾಗರಬಾವಿ, ಅಲ್ಲಿಂದ ಮಲ್ಲತ್ತಹಳ್ಳಿ. ಆಟೋದವನು ಪ್ರತಿ ರಸ್ತೆಯುಬ್ಬಿಗೂ ಗೇರು ಇಳಿಸುತ್ತಿದ್ದ. ಕೆರೆಯ ಹತ್ತಿರ ಎಮ್ಮೆಗಳ ಹಿಂಡು ಅಡ್ಡ ಬಂದಾಗ ನಾನು ಇಳಿದು ಅವುಗಳ ಬೆನ್ನಿಗೆ ಹೊಡೆದೆ. ಎಮ್ಮೆ ಕಾಯುತ್ತಿದ್ದವರೆಲ್ಲ ನಕ್ಕರು. ಡ್ರಮ್ಮು ತಣ್ಣಗಾಗಲು ಅರ್ಧ ಗಂಟೆ ಹಿಡಿಯುತ್ತದೆ ಎಂದು ಬೈರಯ್ಯ ಧೈರ್ಯ ಹೇಳಿದರು. ಆ ಅರ್ಧ ಗಂಟೆ ಉಳ್ಳಾಲದಲ್ಲೇ ಮುಗಿದಿತ್ತು. ನಾನು ಯಾವ ದೇವರನ್ನೂ ಪೂರ್ತಿ ನೆನೆಯಲಾರದೆ ಒಂದರ ಹೆಸರಿಗೆ ಇನ್ನೊಂದನ್ನು ಸೇರಿಸುತ್ತಿದ್ದೆ. ಕೆಂಗೇರಿಯಲ್ಲಿ ಜನ ಗುಂಪುಗೂಡಿದ್ದು ಕಂಡರೆ ಸಾಕು, ಜೀವ ಬಾಯಿಗೆ ಬರುತ್ತಿತ್ತು. ಒಂದು ಕಡೆ ಅವರು ಬಸ್ಸಿಗೆ ಕಾಯುತ್ತಿದ್ದರು, ಇನ್ನೊಂದು ಕಡೆ ಹಲಸಿನ ಹಣ್ಣಿಗೆ.

ಲಾರಿ ಕಂಡಿತು. ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದರು. ಸೇತುರಾಮ ಚಕ್ರದ ನೇರಕ್ಕೆ ಕುಕ್ಕರಗಾಲಿನಲ್ಲಿ ಕೂತು ಸ್ಪ್ಯಾನರ್ ತಿರುಗಿಸುತ್ತಿದ್ದಾರೆ. ಒಳಸುತ್ತಿನ ನಟ್ಟುಗಳು ಇದ್ದ ಹಾಗೇ ಇವೆ. ಪಕ್ಕದ ಗೋಣಿಚೀಲದ ಮೇಲೆ ಹೊರಸುತ್ತಿನ ನಟ್ಟುಗಳ ಸಾಲು.

ಓಡಲು ಹೊರಟ ನನ್ನ ಭುಜವನ್ನು ಬೈರಯ್ಯ ಹಿಡಿದರು. ಕೂಗಬೇಡ, ಗಾಬರಿಯಲ್ಲಿ ಇನ್ನೊಂದು ಸುತ್ತು ತಿರುಗಿಸಿಬಿಡುತ್ತಾನೆ ಎಂದು ಪಿಸುಗುಟ್ಟಿದರು. ಆಮೇಲೆ ದಿನವೂ ಕರೆಯುವ ದನಿಯಲ್ಲೇ, "ಸೇತು, ಸ್ಪ್ಯಾನರ್ ಅಲ್ಲೇ ಬಿಟ್ಟು ಬಾರಪ್ಪ, ಟೀ ಕುಡಿಯೋಣ," ಎಂದರು.

ಸೇತುರಾಮ ಈ ಕಡೆ ತಿರುಗಿ ನಕ್ಕರು. "ಇನ್ನು ನಾಲ್ಕೇ ಇದೆ, ಬಿಚ್ಚೇ ಬಂದ್ಬಿಡ್ತೀನಿ," ಎಂದು ಮತ್ತೆ ಸ್ಪ್ಯಾನರ್ ಕೂರಿಸಿದರು.

"ರೀ," ಎಂದೆ. "ನಂಗೆ ತಲೆ ಸುತ್ತುತ್ತಾ ಇದೆ."

ಸ್ಪ್ಯಾನರ್ ಬಿಟ್ಟು ಎದ್ದು ಬಂದರು. ಹತ್ತಿರ ಬಂದಕೂಡಲೇ ಅವರ ಎರಡೂ ತೋಳು ಹಿಡಿದು ದೂರ ಎಳೆದುಕೊಂಡು ಹೋದೆ.

ಗಾಳಿ ಪೂರ್ತಿ ಹೋಗುವವರೆಗೂ ಅದು ಬಾಂಬೇ ಎಂದರು ಬೈರಯ್ಯ. ಗಾಳಿ ತುಂಬುವ ಬಾಯಿ ರಿಮ್ಮಿನ ಒಂದು ಸಣ್ಣ ಕಿಂಡಿಯೊಳಗಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಅದರ ಪಿನ್ನು ಒತ್ತಿ ಹಿಡಿದಿರಬೇಕು. ಬೈರಯ್ಯನವರ ಊದಿದ ಬೆರಳಿಗೆ ಹಿಡಿತ ಇಲ್ಲ. ಸೇತುರಾಮನ ಮುಂಗೈ ಕಿಂಡಿಗೆ ಹೋಗುವುದಿಲ್ಲ. ಆ ಕಿಂಡಿಯಲ್ಲಿ ತಿಂಗಳುಗಟ್ಟಲೆ ಎಮರಿ ಪೇಪರ್ ಉಜ್ಜಿದ್ದು ನಾನು. ಗಂಡ ಬೇಡವೇ ಬೇಡ ಎಂದು ಅಡ್ಡ ನಿಂತರು. ದಾರಿ ಬಿಡಿ ಎಂದು ಗದರಿದೆ.

ಬೈರಯ್ಯ ಹೇಳಿದಂತೆ ಚಕ್ರದ ಎದುರಿಗೆ ಹೋಗದೆ, ಟೈರಿನ ಹಿಂದೆ ನೆಲಕ್ಕೆ ಒರಗಿ ಕೈ ಮಾತ್ರ ಚಾಚಿದೆ. ಪಿನ್ನು ಸಿಕ್ಕಿತು. ಗಾಳಿ ಶಿಳ್ಳೆ ಹೊಡೆಯುತ್ತ ಹೊರಟಿತು. ಅಷ್ಟು ದೊಡ್ಡ ಟೈರು, ಎಷ್ಟು ಹೊತ್ತಾದರೂ ಮುಗಿಯಲೊಲ್ಲದು. ನಡುವೆ ಒಮ್ಮೆ ರಿಮ್ಮು ಟಣ್ ಎಂದಿತು. ಕೈ ಹೋಯಿತು ಅಂದುಕೊಂಡು ಕಣ್ಣು ಮುಚ್ಚಿದೆ. ಬಿಡಬೇಡ, ಒತ್ತು ಎಂದು ಬೈರಯ್ಯ ದೂರದಿಂದ ಹೇಳುತ್ತಲೇ ಇದ್ದರು. ಶಿಳ್ಳೆ ಸಣ್ಣದಾಗಿ, ಉಸಿರಾಗಿ, ನಿಂತಿತು. ಬೆರಳು ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ, ಸೇತುರಾಮ ಬಂದು ಒಂದೊಂದಾಗಿ ಬಿಡಿಸಿದರು.

ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಮೇಲೆ ಗಂಡನಿಗೆ ಎಲ್ಲ ಹೇಳಿದೆ. ಸಾಹುಕಾರರ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೆಂಪು ಅಳಿಸಿದ್ದು ನಾನು, ಹೇಳದೆ ಇದ್ದದ್ದೂ ನಾನು ಎಂದೆ. ಕೈ ಎತ್ತಿ ಒಂದೇಟು ಹೊಡೆದರೂ ಸರಿ ಅನ್ನಿಸುತ್ತಿತ್ತು. ಅವರು ಗೋಣಿಚೀಲದ ಮೇಲಿನ ನಟ್ಟುಗಳ ಕಡೆ ನೋಡಿದರು.

"ಕೆಂಪಿಲ್ವಲ್ಲ ಅಂತ ನಂಗೂ ಅನುಮಾನ ಬಂತು ಕಣೆ. ಸ್ಪ್ಯಾನರ್ ಕೆಳಗಿಟ್ಟೂ ಇಟ್ಟಿದ್ದೆ," ಎಂದರು. "ಆಮೇಲೆ ಅಂದ್ಕೊಂಡೆ, ಜಗದಾಂಬಾ ಬಣ್ಣ ಹೊಡ್ದಿರೋ ಗಾಡಿ ಇದು, ಇರಬೇಕಾಗಿದ್ರೆ ಇಟ್ಟೇ ಇರ್ತಾಳೆ ಅಂತ."