ಯಲ್ದೂರಿಗೆ ಹೋಗಿ ಬರುವ ಓಟ

ಬಂಡೆಗಳೂ ಬೇಸರವಾದರೆ ಊರೂರು ತಿರುಗುತ್ತಿದ್ದ ಕಾಲದಲ್ಲಿ ಒಬ್ಬ ರಾಜಕುಮಾರಿ ಇದ್ದಳಂತೆ. ಅವಳು ಗುಡ್ಡದಾಚೆಯ ಕೊಳ ಮುಟ್ಟಿ ಮರಳಬೇಕು, ಅಲ್ಲಿಯವರೆಗೆ ಯಾರೊಂದಿಗೂ ತುಟಿ ಬಿಚ್ಚಬಾರದು. ಬಿಚ್ಚಿದರೆ ಕಾಲು ಕಲ್ಲಾಗುತ್ತದೆ. ನಮ್ಮಜ್ಜಿ ಮುನಿಗಂಗಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಈ ಕತೆ ಹೇಳುತ್ತಿದ್ದಳು. ಎಂಬತ್ತೆರಡನೇ ಇಸವಿಯಲ್ಲಿ, ಕಾಲೇಜು ಸೇರಿದ ಮೇಲೂ, ನಾನು ಓಡುವಾಗ ಮಾತಾಡುತ್ತಿರಲಿಲ್ಲ.

ಕೋಲಾರದ ಜಿಲ್ಲಾ ಓಟಕ್ಕೆ ನನ್ನ ಹೆಸರು ಕಳಿಸಲು ಪಿ.ಟಿ. ಮೇಷ್ಟ್ರು ಕೋದಂಡರಾಮಪ್ಪನವರು ಷರತ್ತು ಹಾಕಿದ್ದರು. "ಶ್ರೀನಿವಾಸಪುರದ ಅರಳಿಕಟ್ಟೆಯಿಂದ ಯಲ್ದೂರಿಗೆ ಹೋಗಿ, ವಾಪಸ್ ಬಂದು ಕಟ್ಟೆ ಮುಟ್ಬೇಕು. ಒಂದು ಹೆಜ್ಜೆನೂ ನಡೀಬಾರ್ದು ಕಣಮ್ಮ ಭಾರತಿ."

ಅಪ್ಪ ಅದರ ಮೇಲೊಂದು ಗಂಟು ಹಾಕಿದ್ದ. "ಮುಗಿಸಿದ್ರೆ ಕೋಲಾರ. ಇಲ್ದಿದ್ರೆ ಓಟ ಗೀಟ ಬಿಟ್ಟು ರೇಷ್ಮೆ ಹುಳದ ಮನೆ ನೋಡ್ಕೊ."

ಬರಿಗಾಲಲ್ಲಿ ಓಡಿ ಅಭ್ಯಾಸವಾದವಳಿಗೆ ಮೇಷ್ಟ್ರು ಯಾರದೋ ಕ್ಯಾನ್ವಾಸ್ ಬೂಟು ತಂದುಕೊಟ್ಟಿದ್ದರು. ಯಲ್ದೂರು ಕಾಣುವಷ್ಟರಲ್ಲಿ ಎರಡೂ ಹಿಮ್ಮಡಿಗೆ ಬೊಬ್ಬೆ ಎದ್ದಿತ್ತು. ಬೊಬ್ಬೆ ಒಡೆಯಬೇಡ, ಒಳಗಿನ ನೀರೇ ಮದ್ದು ಎನ್ನುವುದು ಅಜ್ಜಿಯ ಮಾತು. ಸೂಜಿ ಚುಚ್ಚಿ ನೀರು ತೆಗೆ ಎನ್ನುವುದು ಮೇಷ್ಟ್ರ ಮಾತು. ಯಾರದ್ದು ಕೇಳಲಿ? ಬೂಟು ಬಿಚ್ಚಿದರೆ ಷರತ್ತು ಮುರಿದಂತೆಯೋ? ತೋಟಗಳ ಮಾವಿನ ಹೂವಿನ ವಾಸನೆಗೆ ತಲೆ ಇನ್ನಷ್ಟು ಮಂಕಾಯಿತು.

ಯಲ್ದೂರಿನ ಮುಂದಿನ ಬಾವಿಯ ಹತ್ತಿರ ಹೆಂಗಸರು ನೀರು ಸೇದುತ್ತಿದ್ದರು. ನನ್ನ ಜಡೆ ಬಿಚ್ಚಿಹೋಗಿತ್ತು, ಕುಂಕುಮ ಬೆವರಿಗೆ ಕರಗಿ ಮೂಗಿಗಿಳಿದಿತ್ತು. ಮುನಿಯಲ್ಲಮ್ಮತ್ತೆ ಎಂದು ಉಳಿದವರು ಕರೆಯುತ್ತಿದ್ದ ಮುದುಕಿ ಅಡ್ಡ ಬಂದಳು.

"ಯಾವ ದೇವ್ರಿಗಮ್ಮಾ ಹರಕೆ?"

ನಾನು ಬಾಯಿ ಬಿಡಲಿಲ್ಲ.

"ಮೌನ ಕಣ್ರೇ! ಗಟ್ಟಿ ಹರಕೆ. ಏ, ಅರಿಶಿನ ತಾರೇ!"

ಹರಕೆ ಹೊತ್ತು ಬಂದವರ ಕಾಲಿಗೆ ನೀರು ಹಾಕದೆ ನಮ್ಮ ಕಡೆ ಕಳಿಸುವುದಿಲ್ಲ. ಎಲ್ಲರೂ ಸುತ್ತುವರಿದರು. ನಡೆಯುವಂತಿಲ್ಲ, ನಿಲ್ಲಬಹುದೋ ಬಾರದೋ ತಿಳಿಯದು. ನಿಂತಲ್ಲೇ ಕುಪ್ಪಳಿಸತೊಡಗಿದೆ.

"ಅಯ್ಯೋ, ಮೈಮೇಲೆ ಬಂತು!" ಎಂದು ಒಬ್ಬಳು ಕೂಗಿ ಕೊಡಕ್ಕೆ ಕೊಡವೇ ಬೂಟಿನ ಮೇಲೆ ಸುರಿದಳು. ಒದ್ದೆ ಕ್ಯಾನ್ವಾಸ್ ಉಜ್ಜಿ ಬೊಬ್ಬೆ ಒಡೆಯಿತು. ಉರಿ ನೆತ್ತಿಗೇರಿತು.

ಅಷ್ಟರಲ್ಲಿ, ನಾನು ನಡೆಯದಂತೆ ಕಣ್ಣಿಡಲು ಹಿಂದೆ ಬರುತ್ತಿದ್ದ ಮೇಷ್ಟ್ರ ಸೈಕಲ್ ಬಂತು. "ಏನಮ್ಮ, ಓಡು ಅಂದ್ರೆ ಕುಣೀತಿದೀಯಾ?"

"ಹರಕೆಯೋಳ್ನ ಗದರ್ತೀಯಾ? ಕಣ್ಣು ಹೋಗ್ತವೆ!" ಎಂದಳು ಮುನಿಯಲ್ಲಮ್ಮ.

"ಹರಕೆ ಅಲ್ಲಮ್ಮಾ, ಪ್ರಾಕ್ಟೀಸು!"

"ಅದ್ಯಾವ ದೇವ್ರು?"

ಕಾಲು ಕಲ್ಲಾದರೆ ನೋವಾದರೂ ನಿಲ್ಲುತ್ತದಲ್ಲ ಎನಿಸಿ ನಾನು ಬಾಯಿ ಬಿಟ್ಟೆ. "ಸಾರ್, ನಿಂತ್ರೆ ನಡೆದಂಗಾಗುತ್ತಾ?"

ಮೇಷ್ಟ್ರು ಸುಮ್ಮಸುಮ್ಮನೆ ಬೆಲ್ ಒತ್ತಿದರು. "ನಿಲ್ಲೋದಾ? ಅದನ್ನ ನಾನೇ ಯೋಚ್ನೆ ಮಾಡಿಲ್ವಲ್ಲಮ್ಮ."

"ಯೋಚ್ನೆ ಆಮೇಲ್ ಮಾಡು ನಾಯನಾ," ಎಂದ ಮುನಿಯಲ್ಲಮ್ಮ ನನ್ನನ್ನು ಬಾವಿಕಟ್ಟೆಗೆ ಕೂರಿಸಿಯೇ ಬಿಟ್ಟಳು. ಬೂಟು ಕಿತ್ತು, ಮನೆಯಿಂದ ಹರಳೆಣ್ಣೆ ತರಿಸಿ ಸವರಿ, ತನ್ನ ಸೆರಗಿನ ಅಂಚು ಹರಿದು ಕಟ್ಟಿದಳು. "ಮುಂಚೆನೇ ಹೇಳ್ಬಾರ್ದೇನೇ? ನೀರು ಹುಯ್ಸಿ ನಾನೇ ಕೆಡಿಸಿದ್ನಲ್ಲೇ."

ಬೂಟು ಸೈಕಲ್ಲಿನ ಹ್ಯಾಂಡಲಿಗೆ ನೇತುಬಿತ್ತು. ನಾನು ಬಟ್ಟೆಗಾಲಲ್ಲಿ ವಾಪಸ್ ಹೊರಟೆ. ಕೂತದ್ದು ಲೆಕ್ಕವೇ ಎಂದು ಕೇಳಿದಾಗೆಲ್ಲ ಮೇಷ್ಟ್ರು ಒಮ್ಮೆ ಇಲ್ಲ ಎಂದರು, ಒಮ್ಮೆ ಇದೆ ಅನ್ಸುತ್ತೆ ಎಂದರು. ಶ್ರೀನಿವಾಸಪುರದ ಹತ್ತಿರದ ಏರಿನಲ್ಲಿ ನಾನು ಓಡುತ್ತಿದ್ದೇನೋ ಕುಂಟುತ್ತಿದ್ದೇನೋ ನನಗೇ ಗೊತ್ತಾಗಲಿಲ್ಲ.

"ಇದು ಓಟಾನಾ ಸಾರ್?"

"ಎರಡೂ ಕಾಲು ನೆಲ ಬಿಟ್ಟು ಏಳ್ತಾ ಇದ್ರೆ ಓಟಾನೇ. ಏಳ್ಸು, ಏಳ್ಸು!"

ಎಬ್ಬಿಸಿದೆ. ಪ್ರತಿ ಸಲವೂ ಕಣ್ಣಲ್ಲಿ ನೀರು ಬಂತು. ಅರಳಿಕಟ್ಟೆಯ ಬಳಿ ಅಪ್ಪ ಕೈಕಟ್ಟಿ ನಿಂತಿದ್ದ.

"ನಡೆದ್ಲಾ ಮೇಷ್ಟ್ರೇ?"

"ಕೂತ್ಲು. ನಡೀಲಿಲ್ಲ."

"ಕೂರೋದಕ್ಕೆ ಏನ್ ಷರತ್ತು ಹಾಕಿದ್ರಿ?"

"ಏನೂ ಹಾಕಿರ್ಲಿಲ್ಲ ಕಣಪ್ಪ."

ಅಪ್ಪ ತಲೆ ಕೆರೆದುಕೊಂಡ. ಅವನ ಯೋಚನೆ ಮುಗಿಯುವ ಮೊದಲೇ ನಾನು ಎರಡೂ ಕೈ ಚಾಚಿ ಕಟ್ಟೆ ಮುಟ್ಟಿದೆ.