ಉದುರು ಹಿಟ್ಟು

ಬೆಂಕಿ ಕಾಣಿಸುವುದೇ ಇಲ್ಲ, ಹನ್ನೊಂದರ ಬಿಸಿಲಿನಲ್ಲಿ ನೀಲಿ ಉರಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ, ಕಿವಿಗೊಟ್ಟರೆ ಬುಸ್ಸೆನ್ನುವ ಸಣ್ಣ ಸದ್ದು, ಅಂಗೈ ಒಡ್ಡಿದರೆ ಬಿಸಿ — ಇದಕ್ಕೂ ಒಲೆ ಎನ್ನಬೇಕು, ಮುಷ್ಟಿಯಲ್ಲಿ ಮಡಚಿಡಬಹುದಾದ ಈ ಮೂರು ಕಾಲಿನ ತಗಡಿಗೆ, ಸೌಂದರ್ಯಾ ತಾರಸಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಅದರ ಮೇಲೆ ಅಲ್ಯುಮಿನಿಯಂ ಬೋಗುಣಿ ಇಡುತ್ತಾಳೆ, ಬೋಗುಣಿಯೊಳಗೆ ಮೂರು ಬೆಣಚು ಕಲ್ಲು, ಕಲ್ಲಿನ ಮೇಲೆ ಬಟ್ಟಲು ಕೂರಬೇಕು, ತಳಕ್ಕೆ ತಾಗಬಾರದು, ಸುತ್ತ ಬಿಸಿ ಗಾಳಿ ಓಡಾಡಬೇಕು, ಅಷ್ಟೇ ರೀ ಓವನ್ ಅಂದ್ರೆ, ಎಂದಿದ್ದರು ನಂದಿತಕ್ಕ, ಆರು ವರ್ಷ ಅವರ ಮನೆಯಲ್ಲಿ ಅನ್ನ ಸಾರು ಮಾಡಿದರೂ ಗೋಡೆಯೊಳಗೆ ಕೂತ ಅವರ ದೊಡ್ಡ ಓವನ್ನನ್ನು ಅವಳು ಒರೆಸಿದ್ದಾಳೆಯೇ ಹೊರತು ಹಚ್ಚಿದವಳಲ್ಲ, ಈಗ ನೋಡಿದರೆ ಮೂರು ಕಲ್ಲು ಸಾಕಂತೆ, ಮೂರು ಕಲ್ಲಾದರೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ತಿಂಗಳಿಗೆರಡು ಸಲ ನಂದಿತಕ್ಕ ಹೆಂಗಸರನ್ನು ಕಟ್ಟಿಕೊಂಡು ಗುಡ್ಡ ಹತ್ತಲು ಹೋಗುತ್ತಾರೆ, ಜೊತೆಗೆ ಹೋಗುತ್ತಿದ್ದ ಅಡುಗೆಯವಳು ಮದುವೆಯಾಗಿ ಹೋದಳು, ವ್ಯಾನಿನಲ್ಲಿ ಒಂದು ಸೀಟು ಖಾಲಿ, ಅನ್ನ ಸಾರು ಯಾರು ಬೇಕಾದ್ರೂ ಮಾಡ್ತಾರೆ ಸೌಂದರ್ಯಾ, ಮೇಲೆ ಹೋದ್ಮೇಲೆ ನಮ್ಮವರಿಗೆ ಬಿಸಿಬಿಸಿ ಸ್ವೀಟ್ ಒಂದು ಬೇಕೇ ಬೇಕು, ಅದೊಂದು ಮಾಡಿ ತೋರಿಸ್ಬಿಡಿ, ನಿನ್ನೆ ಶಿವಾಜಿನಗರದಿಂದ ನೂರ್ಜಹಾನ್ ಅಂತ ಒಬ್ರು ಬಂದಿದ್ರು, ಬೇಕರಿಯಲ್ಲಿ ಕೆಲಸ ಮಾಡಿದವ್ರು, ಎಷ್ಟು ಚೆನ್ನಾಗಿ ಬಂದಿತ್ತು ಅಂತೀರಾ, ಇವತ್ತು ನಿಮ್ಮದು ನೋಡಿ ಇಬ್ಬರಲ್ಲಿ ಒಬ್ಬರಿಗೆ ಹೇಳ್ಬಿಡ್ತೀನಿ — ಹೇಳಿ, ಸಾಮಾನನ್ನೆಲ್ಲ ಅವಳ ಮುಂದೆ ಹರವಿ, ಫೋನ್ ಬಂತೆಂದು ನೀರಿನ ಟ್ಯಾಂಕಿನ ಆಚೆ ನೆರಳಿಗೆ ಹೋದರು, ಇಲ್ಲಿಗೂ ಕೇಳಿಸುತ್ತಿದೆ ಅವರ ನಗು, ಭಾನುವಾರವೂ ಆಫೀಸು.

ಒಣಗಿಸಿದ ಸೇಬಿನ ಹೋಳುಗಳು ನೀರಿನಲ್ಲಿ ನೆನೆದು ಉಬ್ಬಿವೆ, ಹಸಿ ಹಣ್ಣು ಹೊರುವುದು ಭಾರವಂತೆ, ಒಣಗಿಸಿ ಹೊತ್ತು ಮೇಲೆ ನೆನೆಸಬೇಕು, ಹೋಳುಗಳನ್ನು ಬಟ್ಟಲಿಗೆ ಹಾಕಿ ಮೇಲೆ ಬೆಲ್ಲದ ಪುಡಿ, ದಾಲ್ಚಿನ್ನಿ, ದ್ರಾಕ್ಷಿ, ಅತ್ತೆ ನೋಡಿದರೆ ಹಣ್ಣನ್ನ ಯಾರರ ಬೇಯಸ್ತಾರೇನ್ ಬೇ, ಹುಚ್ಚು ಹಿಡದದೇನ್ ಅವರಿಗೆ, ಎಂದಾಳು, ಮಾನಮ್ಮನ ಬಾಯಿ ಅಂದರೆ ವಠಾರದ ಎಂಟೂ ಕೋಣೆಗೆ ಕೇಳಬೇಕು, ಬೆಳಿಗ್ಗೆಯೂ ಅಂದಳು, ಮನ್ಯಾಗ ಒಲಿ ಸಾಲವಲ್ದೇನ್, ಗುಡ್ಡಕ್ಕ ಹೋಗಿ ಹಚ್ಚತಾಳಂತ ರಾಣಿ, ದುರ್ಗೇಶ ಷೂ ಕಟ್ಟುತ್ತ ತಲೆ ಎತ್ತದೆ, ಹೋಗ್ಲಿ ಬಿಡವ್ವ, ಅವರು ಮೊದ್ಲ ಕರೀಲಿ, ಎಂದ, ಅವನ ಮಾತಿನಲ್ಲಿ ನಗು ಇತ್ತೋ ಇಲ್ಲವೋ, ಹನ್ನೆರಡು ವರ್ಷವಾದರೂ ಗಂಡನ ಮಾತಿನ ಆ ಒಂದು ಮೂಲೆ ಅವಳಿಗೆ ಗೊತ್ತಾಗುವುದಿಲ್ಲ. ಅವಳೂ ಯಾರಿಗೂ ಹೇಳಿಲ್ಲ, ಯಾಕೆ ಹೋಗಬೇಕೆಂದು, ಹೇಳಿದರೆ ಅದೊಂದು ಕಾರಣವೇ ಎಂದಾರು — ಮೊಬೈಲಿನಲ್ಲಿ ನಂದಿತಕ್ಕ ತೋರಿಸಿದ ಒಂದು ಫೋಟೋ, ಬಂಡೆಯ ಮೇಲೆ ಒಂಬತ್ತು ಜನ ಸುತ್ತಲೂ ಕೂತು ತಿನ್ನುತ್ತಿದ್ದಾರೆ, ಅದರಲ್ಲಿ ಅಡುಗೆಯವಳು ಯಾರು ಅಕ್ಕಾ ಎಂದು ಕೇಳಿದ್ದಳು, ಎಲ್ಲರ ಕೈಯಲ್ಲೂ ಒಂದೇ ನಮೂನೆ ಬಟ್ಟಲಿತ್ತು, ಎಲ್ಲರೂ ಕೂತಿದ್ದರು, ಯಾರೂ ನಿಂತಿರಲಿಲ್ಲ, ಗೊತ್ತಾಗಲಿಲ್ಲ ಅವಳಿಗೆ. ನಾಲ್ಕು ಮನೆ ಕೆಲಸ, ನಾಲ್ಕೂ ಮನೆಯ ಕಿಟಕಿಯಲ್ಲಿ ಅವಳ ಲೋಟ ಬೇರೆ, ನಂದಿತಕ್ಕನ ಮನೆಯಲ್ಲೂ, ಅವರೇನು ಕೆಟ್ಟವರಲ್ಲ, ಮೊದಲಿಂದ ಇಟ್ಟ ಲೋಟ ಅಲ್ಲೇ ಇದೆ ಅಷ್ಟೆ. ಈಗ ಮೈದಾ, ಓಟ್ಸು, ತುಪ್ಪ, ಬೆರಳ ತುದಿಯಲ್ಲಿ ತಿಕ್ಕಬೇಕು, ಮರಳಿನ ಹಾಗೆ ಉದುರುದುರಾಗಬೇಕು, ಹಣ್ಣಿನ ಮೇಲೆ ಸುಮ್ಮನೆ ಚೆಲ್ಲಿಬಿಡಿ, ಒತ್ತಬೇಡಿ, ನೀರು ಮಾತ್ರ ಸೋಕಿಸಲೇಬೇಡಿ ಸೌಂದರ್ಯಾ, ನೀರು ಬಿತ್ತು ಅಂದ್ರೆ ಕೆಟ್ಟ ಹಾಗೇ, ಎಂದು ಹೇಳಿಯೇ ಹೋಗಿದ್ದರು, ಹೂಂ ಅಕ್ಕಾ ಎಂದಿದ್ದಳು, ಚೆಲ್ಲುತ್ತಾಳೆ, ತಲೆಯ ಮೇಲೆ ಎಚ್‌ಎಎಲ್ ಕಡೆಯಿಂದ ವಿಮಾನವೊಂದು ಆಕಾಶವನ್ನೇ ಹರಿದುಕೊಂಡು ಹೋಯಿತು, ತಾರಸಿಯಲ್ಲಿ ಒಣಗಿದ್ದ ಬಟ್ಟೆ ಅಲುಗಿದವು, ಕತ್ತೆತ್ತಿದಳು, ಅದು ಕಾಣದಾಗುವ ತನಕ ನೋಡಿದಳು, ನೂರ್ಜಹಾನಳೂ ನಿನ್ನೆ ನೋಡಿದಳೋ ಏನೋ, ಅವಳಿಗೂ ಮನೆಯಲ್ಲಿ ಯಾರೋ ಅಂದಿರಬೇಕು ಏನೋ ಒಂದು, ಬಟ್ಟಲನ್ನು ಕಲ್ಲಿನ ಮೇಲೆ ಕೂರಿಸಿ ಮುಚ್ಚಳ ಮುಚ್ಚಿದಳು, ಉರಿ ಸಣ್ಣಗೆ, ಇಪ್ಪತ್ತೈದು ನಿಮಿಷ, ಆಮೇಲೆ ಕೈ ಒದ್ದೆ ಎನಿಸಿತು, ಯಾಕೆ ಒದ್ದೆ, ಪಕ್ಕದ ಚೊಂಬಿನ ನೀರು ಅಲುಗುತ್ತಿತ್ತು.

ಮುಚ್ಚಳ ತೆಗೆದರೆ ಪರಿಮಳವೇನೋ ಸರಿಯಾಗಿದೆ, ಬೆಲ್ಲ ಅಂಚಿನಲ್ಲಿ ಕುದಿದು ಕಪ್ಪಗೆ ಉಕ್ಕಿದೆ, ಆದರೆ ಮೇಲೆ ಉದುರು ಹಿಟ್ಟಿಲ್ಲ, ಗಟ್ಟಿ ಹಾಳೆಯೊಂದಿದೆ, ರೊಟ್ಟಿಯಂಥದು, ಅದರ ಮೇಲೆ ಐದು ಬೆರಳು. ಅವಳದೇ. ದಿನಕ್ಕೆ ಮೂವತ್ತು ನಲವತ್ತು ಜೋಳದ ರೊಟ್ಟಿ ಬಡಿದ ಕೈ, ಹಿಟ್ಟು ಕಂಡರೆ ನೀರಿಗೆ ಹೋಗುತ್ತದೆ, ನೀರು ಸವರಿ ಒತ್ತುತ್ತದೆ, ಅದಕ್ಕೆ ಯಾರೂ ಹೇಳಬೇಕಾಗಿಲ್ಲ, ಅವಳು ವಿಮಾನ ನೋಡುವಾಗ ಕೈ ತನ್ನ ಕೆಲಸ ತಾನು ಮುಗಿಸಿದೆ — ನಾಲ್ಕು ಉದ್ದ ತಗ್ಗು, ಪಕ್ಕಕ್ಕೆ ಒಂದು ಹೆಬ್ಬೆರಳಿನ ಗುಳಿ, ಅಂಚು ಕೆಂಪಗೆ ಸುಟ್ಟು ನಡುವೆ ಬೆಳ್ಳಗೆ, ಕುಳ್ಳಿನ ಮೇಲಿದ್ದ ಹಾಗೆಯೇ, ಅವ್ವ ಮಂಗಳವಾರ ಹಿತ್ತಲ ಗೋಡೆಗೆ ಸಗಣಿಯ ಕುಳ್ಳು ತಟ್ಟಿದ್ದಳು, ಶುಕ್ರವಾರ ಅವ್ವ ಇರಲಿಲ್ಲ, ಮೂರೇ ದಿನದ ಜ್ವರ, ಅಳುವವರು ಅತ್ತು ಮುಗಿಸಿ ಎದ್ದರೂ ಗೋಡೆಯ ತುಂಬ ಅವ್ವನ ಕೈ, ಸಾಲುಸಾಲಾಗಿ, ಬಿಸಿಲಿಗೆ ಒಣಗುತ್ತ, ದಿನಗಟ್ಟಲೆ ಬಂದವರಿಗೆಲ್ಲ ಚಹಾ ಆಗಬೇಕು, ಒಲೆಗೆ ಕುಳ್ಳು ಬೇಕು, ಹನ್ನೊಂದು ವರ್ಷದ ಅವಳೇ ಒಂದೊಂದಾಗಿ ಕಿತ್ತು ತಂದದ್ದು. ಟ್ಯಾಂಕಿನ ಆಚೆ ಓಕೆ ಓಕೆ, ಬೈ, ಎಂದದ್ದು ಕೇಳಿಸಿತು, ಚಪ್ಪಲಿಯ ಸದ್ದು, ಹೀಗೇ ತೋರಿಸಿದರೆ ಸೀಟು ನೂರ್ಜಹಾನಳದು, ಅದರಲ್ಲಿ ತಪ್ಪೇನಿಲ್ಲ, ಚಮಚ ಕೈಯಲ್ಲೇ ಇದೆ, ಒಡೆದರೆ ಉದುರು ಹಿಟ್ಟಿನ ಹಾಗೆಯೇ ಕಾಣುತ್ತದೆ, ಯಾರಿಗೆ ಗೊತ್ತಾಗುತ್ತದೆ, ಕಿರುಬೆರಳಿನಿಂದ ಶುರುಮಾಡಿದಳು, ಕರಕ್ ಎಂದಿತು, ಆಮೇಲೆ ಉಂಗುರದ ಬೆರಳು, ನಡುವಿನದು, ತೋರುಬೆರಳು, ಅಷ್ಟರಲ್ಲಿ ನೆರಳು ಬಿತ್ತು ಬಟ್ಟಲಿನ ಮೇಲೆ, ಎಲ್ಲಿ ಎಲ್ಲಿ, ಅಯ್ಯೋ ಏನ್ರೀ ಇದು, ಉದುರುದುರಾಗಿ ಬಂದಿದೆಯಲ್ಲ, ಬೇಕರಿಯವ್ರನ್ನೇ ಮೀರಿಸ್ಬಿಟ್ರಿ, ನಂದಿತಕ್ಕ ಅಲ್ಲೇ ಬಿಸಿಲಲ್ಲೇ ಮಂಡಿಯೂರಿ ಅವಳ ಕೈಯಿಂದ ಚಮಚ ತೆಗೆದುಕೊಂಡರು, ಶುಕ್ರವಾರ ಬೆಳಿಗ್ಗೆ ಐದಕ್ಕೆ ಇಂದಿರಾನಗರ ಮೆಟ್ರೋ ಹತ್ರ ಬಂದ್ಬಿಡಿ, ಸ್ವೆಟರ್ ಇದೆಯಾ ನಿಮ್ಹತ್ರ, ಇಲ್ದಿದ್ರೆ ನಂದು ಕೊಡ್ತೀನಿ, ಇದೆ ಅಕ್ಕಾ, ಎಂದಿತು ಅವಳ ಬಾಯಿ, ಕಣ್ಣು ಚಮಚದ ಮೇಲೆ, ಅವರು ಅಗೆದದ್ದು ಒಡೆಯದೆ ಉಳಿದ ಆ ತುಣುಕನ್ನೇ, ಹೆಬ್ಬೆರಳಿನ ಗುಳಿಯೊಳಗೆ ಒಂದು ಹನಿ ಬೆಲ್ಲ ನಿಂತಿದೆ, ಅಂದು ಕುಳ್ಳು ಉರಿದು ಬೂದಿಯಾದ ಮೇಲೂ ಅವ್ವನ ಬೆರಳು ಹಾಗೇ ಇರುತ್ತಿದ್ದವು, ಬೆಳ್ಳಗೆ, ಮುಟ್ಟುವ ತನಕ, ಕೊನೆಯ ಕುಳ್ಳಿನ ಮುಂದೆ ಅವಳು ಊದುಗೊಳವೆ ಬಾಯಿಗಿಟ್ಟುಕೊಂಡು ಊದದೆ ಕೂತಿದ್ದಳು, ಹೊರಗೆ ಯಾರೋ ಚಹಾ ಎಲ್ಲಿ ಎನ್ನುತ್ತಿದ್ದರು, ಊದದೆ ಕೂತಿದ್ದಳು, ಬಿಸಿ ಇದೆ ಅಲ್ವಾ, ಎನ್ನುತ್ತಾರೆ ನಂದಿತಕ್ಕ, ಊದಲು ತುಟಿ ಮುಂದೆ ಮಾಡುತ್ತಾರೆ, ಚಮಚದ ಮೇಲೆ ಹೆಬ್ಬೆರಳು