ಸೂಜಿಯಾದ ಮೇಲೆ ಒಂದು ತುತ್ತು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದಂತೆ. ಹಾಗೆ ಹೇಳುವವಳು ನನ್ನ ಅಕ್ಕ, ಐವತ್ತೆರಡು ದಾಟಿದ ನನ್ನನ್ನು ಇನ್ನೂ ‘ಪುಟ್ಟಿ’ ಎಂದೇ ಕರೆಯುವವಳು. ಮೂಗೂ ನನ್ನದೇ, ಕೋಪವೂ ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಕೋಪ ಒಂದು ಮೂಕಪ್ರಾಣಿಯ ಜೀವಕ್ಕೆ ಕುತ್ತು ತರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಮನೆಯಲ್ಲಿರುವುದು ಮೂರೇ ಜೀವ. ಮುಂದಿನ ಕೋಣೆಯಲ್ಲಿ ಪುಸ್ತಕ ಬೈಂಡ್ ಮಾಡುವ ನಾನು, ಹಿಂದಿನ ಕೋಣೆಯಲ್ಲಿ ಅಕ್ಕ, ಇಬ್ಬರ ನಡುವೆ ಓಡಾಡಿಕೊಂಡಿರುವ ಬೆಕ್ಕು ಗುಂಡ. ಈಗ ಅವನು ಹೆಸರಿಗೆ ಮಾತ್ರ ಗುಂಡ. ಕೆಲವು ತಿಂಗಳ ಹಿಂದೆ ಇದ್ದಕ್ಕಿದ್ದಂತೆ ಬೋಗುಣಿಗಟ್ಟಲೆ ನೀರು ಕುಡಿಯಲು ಶುರುಮಾಡಿದ. ಎಷ್ಟು ತಿಂದರೂ ಸೊರಗುತ್ತ ಹೋದ. ಪಶು ಆಸ್ಪತ್ರೆಯ ಡಾಕ್ಟ್ರಮ್ಮ ರಕ್ತ ಪರೀಕ್ಷೆ ಮಾಡಿ, "ಸಕ್ಕರೆ ಕಾಯಿಲೆ. ಹನ್ನೆರಡು ಗಂಟೆಗೊಂದು ಸಲ ಇನ್ಸುಲಿನ್ ಕೊಡಬೇಕು. ಊಟ ಬರೀ ಮಾಂಸದ್ದು. ಬ್ರೆಡ್ಡು, ಬಿಸ್ಕತ್ತು, ಹಾಲು, ಯಾವುದೂ ಬೇಡ" ಎಂದರು.

ಸೂಜಿ ನನಗೆ ಹೊಸದಲ್ಲ. ಮೂವತ್ತು ವರ್ಷ ಕಾಗದಕ್ಕೆ ದಾರ ಪೋಣಿಸಿದ ಕೈ ಇದು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಗುಂಡನ ಕಿವಿಯ ಅಂಚನ್ನು ಚುಚ್ಚಿ ಒಂದು ಹನಿ ರಕ್ತ ತೆಗೆದು ಮೀಟರಿಗೆ ಹಿಡಿಯುತ್ತಿದ್ದೆ. ಊಟ ಮುಗಿಸಿದ್ದನ್ನು ಕಣ್ಣಾರೆ ನೋಡಿದ ಮೇಲೆ ಕತ್ತಿನ ಹಿಂದಿನ ಸಡಿಲ ಚರ್ಮ ಎತ್ತಿ ಹಿಡಿದು ಇಂಜೆಕ್ಷನ್. ಬಂದ ಅಂಕಿಯನ್ನೆಲ್ಲ ನಾನೇ ಹೊಲಿದ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅಕ್ಕನಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ನಿಂತು, "ಆಯ್ತಾ? ಆಯ್ತಾ?" ಎನ್ನುವಳು. ಆದ ತಕ್ಷಣ ಅವನನ್ನು ಎತ್ತಿಕೊಂಡು, "ಬಾರೋ ನನ್ನ ರಾಜ, ಈ ರಾಕ್ಷಸಿ ಸಹವಾಸ ನಮಗೆ ಬೇಡ" ಎಂದು ತನ್ನ ಕೋಣೆಗೆ ಒಯ್ಯುವಳು. ನಾನೂ ನಗುತ್ತಿದ್ದೆ.

ಆದರೆ ಸಕ್ಕರೆ ಇಳಿಯಲಿಲ್ಲ. ಒಂದು ದಿನ ಮುನ್ನೂರ ಎಂಬತ್ತು, ಇನ್ನೊಂದು ದಿನ ನಾನೂರ ಹತ್ತು. ಒಂದು ಯೂನಿಟ್ಟಿನಿಂದ ಶುರುವಾದ ಔಷಧಿಯನ್ನು ಡಾಕ್ಟ್ರಮ್ಮ ಎರಡಕ್ಕೆ, ಮೂರಕ್ಕೆ, ಕೊನೆಗೆ ಐದಕ್ಕೆ ಏರಿಸಿದರು. "ಬೇರೆ ಏನಾದ್ರೂ ತಿಂತಾನಾ? ಸರಿಯಾಗಿ ಯೋಚನೆ ಮಾಡಿ ಹೇಳಿ" ಎಂದು ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು.

"ನಮ್ಮ ಮನೇಲಾ? ಒಂದು ಚೂರೂ ಇಲ್ಲ ಡಾಕ್ಟ್ರಮ್ಮ. ಬೇಕಾದ್ರೆ ಬರೆದುಕೊಡ್ತೀನಿ" ಎಂದೆ.

ಅದಾಗಿ ಒಂದು ವಾರಕ್ಕೆ, ಒಂದು ಭಾನುವಾರ, ಕಸ ಗುಡಿಸಲು ಅಕ್ಕನ ಮಂಚ ಎಳೆದೆ. ಗೋಡೆಯ ಮೂಲೆಯಲ್ಲಿ ಒಂದು ಸಣ್ಣ ತಟ್ಟೆ. ಅದರಲ್ಲಿ ಹಾಲಲ್ಲಿ ನೆನೆಸಿದ ಬ್ರೆಡ್ಡು, ಅರ್ಧ ತಿಂದದ್ದು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿಕೊಂಡದ್ದು ಬೆಕ್ಕಲ್ಲ.

"ಎಷ್ಟು ದಿನದಿಂದ ನಡೀತಿದೆ ಇದು?" ತಟ್ಟೆಯನ್ನು ಅವಳ ಮುಖದ ಮುಂದೆ ಹಿಡಿದೆ.

ಅಕ್ಕ ಮುಚ್ಚಿಡಲಿಲ್ಲ. "ಮೊದಲ ದಿನದಿಂದ. ಸೂಜಿ ಚುಚ್ಚಿಸಿಕೊಂಡ ಮೇಲೆ ಬಾಯಿಗೊಂದು ತುತ್ತು ಇಟ್ಟರೆ ಏನಾಗುತ್ತೆ ಪುಟ್ಟಿ? ನಿಂಗೂ ಹಾಗೇ ಮಾಡಿದ್ನಲ್ಲ."

ಮಾಡಿದ್ದಳು, ನಿಜ. ಅಮ್ಮ ತೀರಿಕೊಂಡ ವರ್ಷ ನಾನು ಜ್ವರದಲ್ಲಿ ಮಲಗಿದ್ದೆ, ದಿನಕ್ಕೊಂದು ಇಂಜೆಕ್ಷನ್. ನನಗಾಗ ಏಳು ವರ್ಷ, ಅವಳಿಗೆ ಹದಿನೇಳು. ನರ್ಸು ಹೋದ ಕೂಡಲೇ ಹಾಲಲ್ಲಿ ಅದ್ದಿದ ಬ್ರೆಡ್ಡು ತಂದು ಬಾಯಿಗಿಡುತ್ತಿದ್ದಳು. ಆಮೇಲೆ ಮೂವತ್ತು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ಊರ ಮಕ್ಕಳಿಗೆಲ್ಲ ಬಡಿಸಿದಳು. ಯಾರಾದರೂ ಅತ್ತರೆ ಅವಳಿಗೆ ಗೊತ್ತಿರುವ ಮದ್ದು ಅದೊಂದೇ.

ಆದರೆ ಆ ಹೊತ್ತಿಗೆ ನನಗೆ ಇದೊಂದೂ ನೆನಪಾಗಲಿಲ್ಲ. "ತಿನ್ನಿಸಿ ತಿನ್ನಿಸಿ ಕೊಲ್ತಾ ಇದ್ದೀಯ ಅದನ್ನ" ಎಂದುಬಿಟ್ಟೆ. ಅಲ್ಲಿಗೂ ನಿಲ್ಲಿಸಲಿಲ್ಲ. ಅಡುಗೆಮನೆಗೆ ನುಗ್ಗಿ ಬ್ರೆಡ್ಡು, ಬಿಸ್ಕತ್ತು, ಸಕ್ಕರೆ ಡಬ್ಬಿ, ಎಲ್ಲವನ್ನೂ ಬಾಚಿ ಪಕ್ಕದ ಮನೆಯವರಿಗೆ ಕೊಟ್ಟು ಬಂದೆ. "ಇನ್ನು ಈ ಮನೇಲಿ ಚಹಾಕ್ಕೂ ಸಕ್ಕರೆ ಇಲ್ಲ" ಎಂದೆ. ಚಹಾಕ್ಕೆ ನಾಲ್ಕು ಚಮಚ ಹಾಕಿಕೊಳ್ಳುವ ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸೋಮವಾರ ಮುನ್ನೂರು. ಮಂಗಳವಾರ ಇನ್ನೂರ ಹತ್ತು. ಬುಧವಾರ ನೂರ ಐವತ್ತು. ಅಕ್ಕ ಊಟಕ್ಕೆ ಬಂದಾಗಲೆಲ್ಲ ಪುಸ್ತಕವನ್ನು ಅವಳ ತಟ್ಟೆಯ ಪಕ್ಕದಲ್ಲಿ ಬಿಚ್ಚಿಡುತ್ತಿದ್ದೆ. ಅವಳು ನೋಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ನನಗೆ ಗೆದ್ದ ಖುಷಿ.

ಡಾಕ್ಟ್ರಮ್ಮನಿಗೆ ಆಗಲೇ ಹೇಳಬೇಕಿತ್ತು. ಆ ಐದು ಯೂನಿಟ್ ನಿಂತಿದ್ದದ್ದು ಅಕ್ಕನ ಬ್ರೆಡ್ಡಿನ ಮೇಲೆ. ಬ್ರೆಡ್ಡು ನಿಂತರೆ ಔಷಧಿಯೂ ಇಳಿಯಬೇಕು. ಇಷ್ಟು ತಿಳಿಯದಷ್ಟು ದಡ್ಡಿಯಲ್ಲ ನಾನು. ಎರಡು ಸಲ ಫೋನು ಕೈಗೆತ್ತಿಕೊಂಡೆ. ‘ಬರೆದುಕೊಡ್ತೀನಿ’ ಎಂದ ಬಾಯಲ್ಲೇ ಈಗ ಏನೆಂದು ಹೇಳುವುದು? ಹೇಗೂ ಶನಿವಾರ ತೋರಿಸುವುದಿದೆ, ಆಗ ಅಂಕಿ ನೋಡಿ ಅವರೇ ಇಳಿಸುತ್ತಾರೆ ಎಂದುಕೊಂಡು ಫೋನು ಕೆಳಗಿಟ್ಟೆ. ಗುರುವಾರ ಬೆಳಿಗ್ಗೆಯೂ ಐದೇ ಕೊಟ್ಟೆ.

ಅವತ್ತು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹಾಜರಿ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದೆ. ರಟ್ಟಿನ ರಾಶಿಯ ಹಿಂದೆ ಏನೋ ಬಿದ್ದ ಸದ್ದಾಯಿತು. ಗುಂಡ ಅಲ್ಲಿಂದ ಹೊರಗೆ ಬಂದ. ಹಿಂಗಾಲು ಕುಡಿದವನ ಕಾಲಿನ ಹಾಗೆ ಜಾರುತ್ತಿತ್ತು. ನನ್ನ ಕಡೆ ನೋಡಿದ, ಆದರೆ ಅವನಿಗೆ ನಾನು ಕಾಣಿಸಲಿಲ್ಲ. ಮರುಕ್ಷಣ ಪಕ್ಕಕ್ಕೆ ಉರುಳಿದ, ನಾಲ್ಕೂ ಕಾಲು ಗಾಳಿಯಲ್ಲಿ ಓಡತೊಡಗಿದವು.

ಕಿವಿ ಚುಚ್ಚಿ ಮೀಟರಿಗೆ ಹಿಡಿದೆ. ಮೂವತ್ತೊಂದು.

ಸಕ್ಕರೆ ತೀರಾ ಇಳಿದರೆ ಕಾಯಬೇಡಿ, ಸಿಹಿ ಏನಾದರೂ ವಸಡಿಗೆ ಉಜ್ಜಿ ಎಂದು ಡಾಕ್ಟ್ರಮ್ಮ ಮೊದಲ ದಿನವೇ ಹೇಳಿದ್ದರು. ಅಡುಗೆಮನೆಗೆ ಓಡಿದೆ. ಸಕ್ಕರೆ ಡಬ್ಬಿ ಇರುತ್ತಿದ್ದ ಜಾಗದಲ್ಲಿ ದುಂಡಗಿನ ಕಲೆಯೊಂದೇ ಇತ್ತು. ಪಕ್ಕದ ಮನೆಗೆ ಬೀಗ. ನಾನು ಮಾಡಿದ ಕೆಲಸ ನನ್ನ ಮುಂದೆ ಬಂದು ನಿಂತಿತ್ತು.

"ಅಕ್ಕಾ!" ಎಂದು ಕಿರುಚಿದೆ. ನಾಲ್ಕು ದಿನದಲ್ಲಿ ಅವಳನ್ನು ಕರೆದದ್ದು ಅದೇ ಮೊದಲು.

ಅವಳು ಬಂದಳು, ನೋಡಿದಳು, ಏನಾಯಿತೆಂದು ಕೇಳಲಿಲ್ಲ. ಒಳಗೆ ಹೋಗಿ ಕೆಮ್ಮಿಗೆಂದು ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಿದ್ದ ಜೇನಿನ ಬಾಟಲಿ ತಂದಳು. ನೆಲದ ಮೇಲೆ ಕೂತು, ಬೆರಳು ಅದ್ದಿ, ಗುಂಡನ ಕಚ್ಚಿದ ಹಲ್ಲಿನ ಸಂದಿಗೆ ತೂರಿಸಿದಳು.

"ಕಚ್ತಾನೆ ಅಕ್ಕ!"

"ಕಚ್ಚಲಿ ಬಿಡು. ನೀನು ಗಾಡಿ ಕರಿ."

ಕಚ್ಚಿದ. ಜೇನಿನ ಜೊತೆ ಅವಳ ರಕ್ತವೂ ಅವನ ಗದ್ದದ ಮೇಲೆ ಇಳಿಯಿತು. ಅವಳು ಬೆರಳು ತೆಗೆಯಲಿಲ್ಲ. ಗಾಡಿ ಬರುವ ಹೊತ್ತಿಗೆ ಅವನ ಕಾಲು ನಿಂತಿತ್ತು, ಗಂಟಲು ಸ್ವಲ್ಪ ಅಲ್ಲಾಡಿತು, ನುಂಗಿದ.

ಡಾಕ್ಟ್ರಮ್ಮ ಮುಂಗಾಲಿಗೆ ಗ್ಲೂಕೋಸ್ ಡ್ರಿಪ್ ಹಾಕಿ, ಅಕ್ಕನ ಬೆರಳಿಗೆ ಬಟ್ಟೆ ಸುತ್ತಿ, ನನ್ನ ಪುಸ್ತಕ ಬಿಡಿಸಿದರು. "ಭಾನುವಾರ ಏನಾಯ್ತು? ಅಲ್ಲಿಂದ ಇಳಿದಿದೆ. ಏನೋ ಬದಲಾಗಿದೆ. ಅದೇನು ಅಂತ ಗೊತ್ತಾಗದೆ ನಾನು ಇವನಿಗೆ ಎಷ್ಟು ಕೊಡಬೇಕು ಅಂತ ಹೇಳಕ್ಕಾಗಲ್ಲ."

ಅಕ್ಕ ತಲೆ ತಗ್ಗಿಸಿದಳು. "ತಪ್ಪು ನಂದು ಡಾಕ್ಟ್ರಮ್ಮ. ನಾನು ಕದ್ದು..."

ಅಷ್ಟಕ್ಕೇ ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದೆ ಕೂಡ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಬ್ರೆಡ್ಡು ಹಾಕಿದ್ದು ಅಕ್ಕ" ಎಂದೆ. "ಭಾನುವಾರ ಅದನ್ನು ನಿಲ್ಲಿಸಿದ್ದು ನಾನು. ಅದು ಗೊತ್ತಿದ್ದೂ ನಿಮಗೆ ಹೇಳದೆ ಐದು ಯೂನಿಟ್ ಚುಚ್ಚಿದ್ದೂ ನಾನೇ."

ಡಾಕ್ಟ್ರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಐದನ್ನು ಹೊಡೆದು ಹಾಕಿ ಒಂದು ಎಂದು ಬರೆದರು. ಜೀವಕ್ಕೆ ಭಯವಿಲ್ಲ, ಕಣ್ಣು ಮಾತ್ರ ಹೋಗಿದೆ, ಮರಳಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು.

ಶನಿವಾರ ಸಂಜೆ ಅವನನ್ನು ಮನೆಗೆ ತಂದೆವು. ಗೋಡೆಗೆ, ಮೇಜಿನ ಕಾಲಿಗೆ ಮುಖ ತಾಗಿಸಿಕೊಳ್ಳುತ್ತ ನಡೆದ. ಏಳಕ್ಕೆ ಅಕ್ಕ ಬಟ್ಟಲನ್ನು ಅವನ ಮೂತಿಯ ಹತ್ತಿರ ಹಿಡಿದು ಮಾಂಸ ತಿನ್ನಿಸಿದಳು. ನಾನು ಒಂದೇ ಯೂನಿಟ್ ಎಳೆದು, ಎರಡು ಸಲ ಬೆಳಕಿಗೆ ಹಿಡಿದು ನೋಡಿ ಚುಚ್ಚಿದೆ. ಅಕ್ಕ ಈ ಸಲ ಗೋಡೆಯ ಕಡೆ ತಿರುಗಲಿಲ್ಲ, ಅವನನ್ನು ಹಿಡಿದುಕೊಂಡೇ ಇದ್ದಳು.

ಸೂಜಿ ತೆಗೆದದ್ದೇ ತಡ, ಗುಂಡ ಕತ್ತೆತ್ತಿ ಅವಳ ಅಂಗೈ ಹುಡುಕಿದ. ಮೂಸಿದ, ನೆಕ್ಕಿದ. ಅಲ್ಲಿ ಏನೂ ಇರಲಿಲ್ಲ. ಡಾಕ್ಟ್ರಮ್ಮ ಕೊಡಬಹುದು ಎಂದಿದ್ದ ಬೇಯಿಸಿದ ಕೋಳಿಯನ್ನು ಅಕ್ಕ ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಅದರಲ್ಲಿ ಉಗುರಿನಷ್ಟು ಹರಿದು ನನಗೆ ತೋರಿಸಿದಳು.

"ಪುಟ್ಟಿ, ಇಷ್ಟು ಕೊಡ್ಲಾ?"

ನನ್ನ ಬಾಯಿಗೆ ತುತ್ತಿಡುವಾಗ ಅವಳು ಯಾರ ಅಪ್ಪಣೆಯನ್ನೂ ಕೇಳಿದವಳಲ್ಲ. ಸಿರಿಂಜನ್ನು ಕೆಳಗಿಟ್ಟು ಅವಳ ಪಕ್ಕ ಕೂತೆ. ಅಕ್ಕ ಆ ಚೂರನ್ನು ಹಿಡಿದುಕೊಂಡು, ನಾನು ಏನೆನ್ನುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.